ಸಿಮ್ಯುಲೇಟರ್ ಪ್ಯಾನೆಲ್‌ನ ಡಿಸ್‌ಪ್ಲೇ ರಿಪೇರಿ: ಮೊದಲು ದೋಷದ ಆಕಾರ ಓದಿ

ಕಂಪ್ಯೂಟರ್‌ನ ವಿಮಾನ ಹಾರಾಟದ ಸಿಮ್ಯುಲೇಟರ್‌ಗೆ ಜೋಡಿಸಿದ ರೇಡಿಯೋ ಪ್ಯಾನೆಲ್ ಪೂರ್ತಿ ಕತ್ತಲು. ಆಟೋಪೈಲಟ್ ಪ್ಯಾನೆಲ್‌ನಲ್ಲಿ 8 ಬರಬೇಕಾದ ಕಡೆ 6. ಎಲ್ಲ ಚೆನ್ನಾಗಿ ನಡೆಯುತ್ತಿರುವಾಗಲೇ ಅಂಕಿಗಳೆಲ್ಲ ಒಮ್ಮೆಲೇ 8 ಆಗಿ ಕಣ್ಣು ಕುಕ್ಕುವಂತೆ ಉರಿಯುವುದು. ಈ ಮೂರಕ್ಕೂ ‘ಡಿಸ್‌ಪ್ಲೇ ಹೋಯ್ತು’ ಎನ್ನುವುದು ರೂಢಿ. ಮೊದಲನೆಯದು ಸಾಮಾನ್ಯವಾಗಿ ಯುಎಸ್‌ಬಿ ಅಥವಾ ಸಾಫ್ಟ್‌ವೇರ್‌ನ ತಕರಾರು, ಎರಡನೆಯದು ಒಂದು ತಂತಿ ಅಥವಾ ಒಂದು ಎಲ್‌ಇಡಿಯದು, ಮೂರನೆಯದು ವಿದ್ಯುತ್ ಗದ್ದಲದ್ದು, ಅಂದರೆ ತಂತಿಗಳಲ್ಲಿ ನುಗ್ಗುವ ಬೇಡದ ವಿದ್ಯುತ್ ಏರಿಳಿತದ್ದು. ಹೊಸ ಡಿಸ್‌ಪ್ಲೇ ತಂದು ಕೂರಿಸಿದರೂ ಮೊದಲನೆಯದು ಮತ್ತು ಮೂರನೆಯದು ಹಾಗೇ ಉಳಿಯುತ್ತವೆ. ಹಾಗಾಗಿ ಸ್ಕ್ರೂ ಬಿಚ್ಚುವ ಮುಂಚೆ ಯಾವುದು ಉರಿಯುತ್ತಿದೆ, ಯಾವುದು ಉರಿಯುತ್ತಿಲ್ಲ, ಯಾವಾಗ ಹೀಗಾಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಅರ್ಧ ರಿಪೇರಿ ಅಲ್ಲೇ ಮುಗಿಯುತ್ತದೆ.

ಬೇಕಾದ ಸಲಕರಣೆ ಇಷ್ಟೇ: ಡಯೋಡ್ ಮೋಡ್ ಇರುವ ಮಲ್ಟಿಮೀಟರ್, ಸಣ್ಣ ಮೊನೆಯ ಸೋಲ್ಡರಿಂಗ್ ಐರನ್, ಫ್ಲಕ್ಸ್, ಸೋಲ್ಡರ್ ಹೀರುವ ತಾಮ್ರದ ಬತ್ತಿ, ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಟಾರ್ಚ್, ಮತ್ತು ಚೆನ್ನಾಗಿದೆ ಎಂದು ಖಚಿತವಿರುವ ಒಂದು ಗಿಡ್ಡ ಯುಎಸ್‌ಬಿ ಕೇಬಲ್.

ದೋಷವೇ ಅಲ್ಲದ ದೋಷಗಳು

ಸಿಮ್ಯುಲೇಟರ್‌ನಲ್ಲಿ ವಿಮಾನದ ಬ್ಯಾಟರಿ ಮಾಸ್ಟರ್ ಅಥವಾ ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ ಉಪಕರಣಗಳ) ಸ್ವಿಚ್ ಆಫ್ ಇದ್ದರೆ ಹಲವು ಪ್ಲಗಿನ್‌ಗಳು (ಸಿಮ್ಯುಲೇಟರ್ ಮತ್ತು ಪ್ಯಾನೆಲನ್ನು ಬೆಸೆಯುವ ಪುಟ್ಟ ತಂತ್ರಾಂಶಗಳು) ಪ್ಯಾನೆಲ್‌ನ ಅಂಕಿಗಳನ್ನು ಬೇಕೆಂದೇ ಆರಿಸುತ್ತವೆ. ಎಂಜಿನ್ ನಿಂತಿರುವ ಸ್ಥಿತಿಯಿಂದ ಶುರುಮಾಡುವವರಿಗೆ ಇದು ದಿನವೂ ಕಾಣಬೇಕಾದ ನೋಟ. ರನ್‌ವೇ ಮೇಲೆ, ಎಂಜಿನ್ ಓಡುತ್ತಿರುವ ಸಾದಾ ವಿಮಾನವೊಂದನ್ನು ತೆರೆದು ನೋಡಿ. ಅಲ್ಲಿ ಅಂಕಿ ಬಂದರೆ ಪ್ಯಾನೆಲ್‌ನಲ್ಲಿ ಕೆಟ್ಟದ್ದೇನೂ ಇಲ್ಲ. ಸ್ವಿಚ್‌ಗಳು ಆನ್ ಇದ್ದೂ ಅಂಕಿ ಬಾರದ ವಿಮಾನ ತನ್ನದೇ ವೇರಿಯಬಲ್‌ಗಳನ್ನು (ಮೌಲ್ಯ ಇಡುವ ಹೆಸರುಗಳನ್ನು) ಬಳಸುತ್ತಿರುತ್ತದೆ, ಪ್ಲಗಿನ್‌ನಲ್ಲಿ ಆ ವಿಮಾನಕ್ಕೆ ಹೊಂದುವ ಪ್ರೊಫೈಲ್‌ಗೆ ಬದಲಿಸಬೇಕು.

ಐದು ಅಂಕಿಗಳ ರೇಡಿಯೋ ಪ್ಯಾನೆಲ್‌ನಲ್ಲಿ 118.025 ಎನ್ನುವುದು 118.02 ಎಂದು ಕಾಣುವುದೂ ದೋಷವಲ್ಲ, ಜಾಗವಿಲ್ಲ ಅಷ್ಟೆ. 8.33 ಕಿಲೋಹರ್ಟ್ಸ್ ಅಂತರದ ಚಾನೆಲ್‌ಗಳಲ್ಲಿ ಇದು ಗೊಂದಲಕ್ಕೆ ದಾರಿ: 118.010 ಮತ್ತು 118.015 ಎರಡೂ 118.01 ಆಗಿಯೇ ಕಾಣುತ್ತವೆ, ಗುಂಡಿ ತಿರುಗಿಸಿದರೂ ಅಂಕಿ ಕದಲುವುದಿಲ್ಲ. ಗುಂಡಿಯ ತಿರುಗುವಿಕೆ ಓದುವ ಎನ್‌ಕೋಡರ್ ಕೆಟ್ಟಿದೆ ಎಂದು ಅದನ್ನು ಕಿತ್ತು ಹಾಕುವ ಮುಂಚೆ ತೆರೆಯ ಮೇಲಿನ ರೇಡಿಯೋ ನೋಡಿ.

ಅಂಕಿಗಳು ಎರಡು ಮೌಲ್ಯಗಳ ನಡುವೆ ಪಟಪಟನೆ ಜಿಗಿಯುತ್ತಿದ್ದರೆ ಎರಡು ತಂತ್ರಾಂಶಗಳು ಒಂದೇ ಪ್ಯಾನೆಲ್‌ಗೆ ಬರೆಯುತ್ತಿವೆ ಎಂದರ್ಥ. ಲಾಜಿಟೆಕ್‌ನ ಸ್ವಂತ ಡ್ರೈವರ್ ಇರುವಾಗಲೇ ಪ್ಯಾನೆಲ್ ನಡೆಸುವ ಇನ್ನೊಂದು ತಂತ್ರಾಂಶ ಸ್ಪ್ಯಾಡ್ ನೆಕ್ಸ್ಟ್ ಕೂಡ ಓಡಿಸಿದರೆ, ಅಥವಾ ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರ್‌ನಲ್ಲಿ ಎಕ್ಸ್‌ಸೈಟೆಕ್‌ಪ್ಯಾನೆಲ್ಸ್ ಪ್ಲಗಿನ್ ಜೊತೆಗೆ ಇನ್ನೊಂದು ಪ್ಲಗಿನ್ ಉಳಿದುಕೊಂಡಿದ್ದರೆ ಹೀಗಾಗುತ್ತದೆ. ಒಂದನ್ನು ಮಾತ್ರ ಉಳಿಸಿ.

ಯುಎಸ್‌ಬಿ: ಕತ್ತಲಾದ ಪ್ಯಾನೆಲ್‌ನ ಮೊದಲ ಅನುಮಾನಿತ

ಕಂಪ್ಯೂಟರ್ ಶುರುವಾದಾಗ ಸರಿಯಿದ್ದು, ಸ್ವಲ್ಪ ಹೊತ್ತಿನ ಮೇಲೆ ಅಥವಾ ನಿದ್ರೆಯಿಂದ ಎದ್ದ ಮೇಲೆ ಪ್ಯಾನೆಲ್ ಸತ್ತಂತಾದರೆ ಅದು ವಿಂಡೋಸ್‌ನ ವಿದ್ಯುತ್ ಉಳಿತಾಯದ ಕೆಲಸ. ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರತಿ ಯುಎಸ್‌ಬಿ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ಸಾಧನವನ್ನು ಆಫ್ ಮಾಡಲು ಕಂಪ್ಯೂಟರ್‌ಗೆ ಅನುಮತಿಸುವ ಗುರುತನ್ನು ತೆಗೆಯಿರಿ. ಪವರ್ ಪ್ಲಾನ್‌ನ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನೂ ಆರಿಸಿ.

ಲಾಜಿಟೆಕ್‌ಗೂ ಮುಂಚೆ ಇವನ್ನು ಮಾರುತ್ತಿದ್ದ ಸೈಟೆಕ್ ಕಾಲದ ಪ್ಯಾನೆಲ್‌ಗಳಿಗೆ ಇದಿಷ್ಟೇ ಸಾಲದು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಎನಮ್, ಅದರೊಳಗೆ ಯುಎಸ್‌ಬಿ ಶಾಖೆಯಲ್ಲಿ ವೆಂಡರ್ ಸಂಖ್ಯೆ 06ಎ3 ಇರುವ ಸಾಧನಗಳನ್ನು ಹುಡುಕಿ: ರೇಡಿಯೋ ಪ್ಯಾನೆಲ್ 0ಡಿ05, ಮಲ್ಟಿ ಪ್ಯಾನೆಲ್ 0ಡಿ06, ಸ್ವಿಚ್ ಪ್ಯಾನೆಲ್ 0ಡಿ67. ಪ್ರತಿಯೊಂದರ ಡಿವೈಸ್ ಪ್ಯಾರಾಮೀಟರ್ಸ್ ಒಳಗೆ ಎನ್‌ಹಾನ್ಸ್‌ಡ್ ಪವರ್ ಮ್ಯಾನೇಜ್‌ಮೆಂಟ್ ಎನೇಬಲ್ಡ್ ಎಂಬ ಮೌಲ್ಯ 1 ಇದ್ದರೆ 0 ಮಾಡಿ, ಕಂಪ್ಯೂಟರ್ ಮರುಪ್ರಾರಂಭಿಸಿ. ಬದಲಿಸುವ ಮೊದಲು ಆ ಶಾಖೆಯ ಪ್ರತಿ ತೆಗೆದಿಟ್ಟುಕೊಳ್ಳಿ. ಪ್ಯಾನೆಲನ್ನು ಬೇರೆ ಪೋರ್ಟ್‌ಗೆ ಹಾಕಿದರೆ ವಿಂಡೋಸ್ ಅದಕ್ಕೆ ಹೊಸ ದಾಖಲೆ ತೆರೆಯಬಹುದು, ಆಗ ಇದೇ ಕೆಲಸ ಮತ್ತೆ. ಹಾಗಾಗಿ ಕೇಬಲ್ ಮತ್ತು ಪೋರ್ಟ್ ಎರಡಕ್ಕೂ ಒಂದೇ ಅಂಕಿಯ ಚೀಟಿ ಅಂಟಿಸುವುದು ಒಳ್ಳೆಯದು.

ಇನ್ನು ವೋಲ್ಟೇಜ್. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3 ಆದರೆ 900. ಸ್ವಂತ ಅಡಾಪ್ಟರ್ ಇಲ್ಲದ ಹಬ್‌ನ ಪ್ರತಿ ಕವಲಿಗೆ ನಿಯಮದ ಪ್ರಕಾರ ಸಿಗುವುದು 100 ಮಾತ್ರ. ಅದರಲ್ಲಿ ಮೂರ್ನಾಲ್ಕು ಪ್ಯಾನೆಲ್ ಸಿಕ್ಕಿಸಿ, ಜೊತೆಗೆ 3.5 ಇಂಚಿನ ತೆರೆಯ ಇನ್‌ಸ್ಟ್ರುಮೆಂಟ್ ಪ್ಯಾನೆಲ್ ಒಂದನ್ನೂ ಸೇರಿಸಿದರೆ ಮಂಕು, ಮಿನುಗು, ಕಡಿದುಹೋಗುವ ಸಂಪರ್ಕ ಎಲ್ಲ ಒಟ್ಟಿಗೆ ಬರುತ್ತವೆ. ಸ್ವಂತ ಅಡಾಪ್ಟರ್ ಇರುವ ಹಬ್ಬೇ ಬೇಕು.

ಕೇಬಲ್‌ನ ಲೆಕ್ಕ ಬಹಳ ಜನ ಹಾಕುವುದಿಲ್ಲ. 28 ಗೇಜ್ ತಂತಿಗೆ (ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು) ಮೀಟರ್‌ಗೆ ಸುಮಾರು 0.21 ಓಮ್. 2 ಮೀಟರ್ ಕೇಬಲ್‌ನಲ್ಲಿ ಹೋಗುವ ಮತ್ತು ಮರಳುವ ತಂತಿ ಸೇರಿ 4 ಮೀಟರ್, ಅಂದರೆ 0.85 ಓಮ್. 500 ಮಿಲಿಆಂಪಿಯರ್ ಹರಿದರೆ ದಾರಿಯಲ್ಲೇ 0.43 ವೋಲ್ಟ್ ಖರ್ಚು. ಪೋರ್ಟ್‌ನಲ್ಲಿ 5.0 ಇದ್ದದ್ದು ಪ್ಯಾನೆಲ್ ತಲುಪುವಾಗ 4.57. ಅದೇ ಉದ್ದದ 24 ಗೇಜ್ ಕೇಬಲ್‌ನಲ್ಲಿ ನಷ್ಟ 0.17 ವೋಲ್ಟ್ ಮಾತ್ರ. ಮನೆಯಲ್ಲಿ ಕಟ್ಟುವ ಪ್ಯಾನೆಲ್‌ಗಳನ್ನು ನಡೆಸುವ ಆರ್ಡುಯಿನೊ ಮೆಗಾ ಬೋರ್ಡ್‌ನ ಚಿಪ್ 16 ಮೆಗಾಹರ್ಟ್ಸ್‌ನಲ್ಲಿ ಓಡಲು 4.5 ವೋಲ್ಟ್ ಕೇಳುತ್ತದೆ, ಹಾಗಾಗಿ 4.57 ಎನ್ನುವುದು ಅಂಚಿನ ಮೇಲೆ ನಿಂತ ಹಾಗೆ. ಅಳೆಯುವುದು ಪೋರ್ಟ್‌ನಲ್ಲಲ್ಲ, ಪ್ಯಾನೆಲ್‌ನೊಳಗಿನ ಬೋರ್ಡ್ ಮೇಲೆ, ಅದೂ ಅಂಕಿ ತೋರುವ ಎಲ್ಲ ಕಿಟಕಿಗಳಲ್ಲೂ 88888 ಉರಿಯುತ್ತಿರುವಾಗ. ಆಮೇಲೆ 11111 ತೋರಿಸಿ ಮತ್ತೊಮ್ಮೆ ಅಳೆಯಿರಿ. ಎರಡರ ನಡುವೆ 0.3 ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಡಿಸ್‌ಪ್ಲೇ ಬಿಟ್ಟು ಕೇಬಲ್ ಬದಲಿಸಿ.

ಏಳು ಸೆಗ್ಮೆಂಟಿನ ಅಂಕಿಗಳು: ಆಕಾರವೇ ಸಾಕ್ಷಿ

ಮನೆಯಲ್ಲಿ ಕಟ್ಟುವ ಪ್ಯಾನೆಲ್‌ಗಳಲ್ಲಿ ಹೆಚ್ಚು ಬಳಕೆಯಾಗುವುದು ಮ್ಯಾಕ್ಸ್ 7219 ಚಿಪ್. ಒಂದು ಚಿಪ್ 8 ಅಂಕಿಗಳನ್ನು ಸರದಿಯ ಮೇಲೆ ಉರಿಸುತ್ತದೆ. ಅಂಕಿಯ ಏಳು ಗೆರೆಗಳಿಗೆ, ಅಂದರೆ ಸೆಗ್ಮೆಂಟ್‌ಗಳಿಗೆ, ಎ ಇಂದ ಜಿವರೆಗೆ ಹೆಸರು. ಎಲ್ಲ ಅಂಕಿಗಳ ‘ಎ’ ಸೆಗ್ಮೆಂಟ್‌ಗಳೂ ಒಂದೇ ತಂತಿಯಲ್ಲಿ, ಎಲ್ಲ ‘ಬಿ’ಗಳೂ ಇನ್ನೊಂದರಲ್ಲಿ. ಪ್ರತಿ ಅಂಕಿಗೆ ಬೇರೆಯದೇ ಒಂದು ತಂತಿ. ಈ ಅಡ್ಡ-ಉದ್ದ ಜಾಲ ತಿಳಿದಿದ್ದರೆ ದೋಷ ತಾನೇ ತನ್ನ ವಿಳಾಸ ಹೇಳುತ್ತದೆ.

ಎಲ್ಲ ಅಂಕಿಗಳಲ್ಲೂ ಒಂದೇ ಸೆಗ್ಮೆಂಟ್ ಕಾಣೆಯಾಗಿದ್ದರೆ, ಉದಾಹರಣೆಗೆ ಎಲ್ಲ 8ಗಳೂ 6 ಆಗಿದ್ದರೆ, ಬಲಗಡೆ ಮೇಲಿನ ಗೆರೆಯ ‘ಬಿ’ ತಂತಿ ಕಡಿದಿದೆ. ಒಂದು ಅಂಕಿ ಪೂರ್ತಿ ಕತ್ತಲಾಗಿದ್ದರೆ ಆ ಅಂಕಿಯ ಸೆಗ್ಮೆಂಟ್‌ಗಳೆಲ್ಲ ಹಂಚಿಕೊಳ್ಳುವ ಸಾಮಾನ್ಯ ತಂತಿ ಕಡಿದಿದೆ. ಒಂದೇ ಅಂಕಿಯ ಒಂದೇ ಸೆಗ್ಮೆಂಟ್ ಹೋಗಿದ್ದರೆ ಮಾತ್ರ ನಿಜವಾಗಿ ಎಲ್‌ಇಡಿ ಸತ್ತಿದೆ, ಆಗ ಆ ಡಿಸ್‌ಪ್ಲೇ ಬದಲಿಸದೆ ಬೇರೆ ದಾರಿಯಿಲ್ಲ. ಎರಡು ಸೆಗ್ಮೆಂಟ್‌ಗಳು ಯಾವಾಗಲೂ ಜೋಡಿಯಾಗಿಯೇ ಉರಿದರೆ ಅಕ್ಕಪಕ್ಕದ ಎರಡು ಪಿನ್‌ಗಳ ನಡುವೆ ಸೋಲ್ಡರ್ ಸೇತುವೆ ಕಟ್ಟಿದೆ.

ಇನ್ನೊಂದು ಸೂಕ್ಷ್ಮ ಲಕ್ಷಣವಿದೆ, ಅನುಭವಿಗಳೂ ಇದನ್ನು ಚಿಪ್‌ನ ದೋಷ ಎಂದುಕೊಳ್ಳುವುದುಂಟು: ಒಂದು ಸ್ಥಾನದಲ್ಲಿ 1 ಬಂದಾಗ ಪ್ರಕಾಶ ಸರಿಯಿದ್ದು, ಅದೇ ಸ್ಥಾನದಲ್ಲಿ 8 ಬಂದಾಗ ಮಂಕಾಗುವುದು. ಅಂಕಿಯ ಸಾಮಾನ್ಯ ತಂತಿಯಲ್ಲಿ ಉರಿಯುವ ಎಲ್ಲ ಸೆಗ್ಮೆಂಟ್‌ಗಳ ಕರೆಂಟ್ ಕೂಡಿ ಹರಿಯುತ್ತದೆ. ಅಲ್ಲಿ ಬೆಸುಗೆ ಅರೆಬರೆ ಕೂತಿದ್ದರೆ ಸಣ್ಣ ಕರೆಂಟ್ ದಾಟುತ್ತದೆ, ದೊಡ್ಡದು ದಾಟುವುದಿಲ್ಲ. ಆ ಪಿನ್‌ಗೆ ಫ್ಲಕ್ಸ್ ಹಚ್ಚಿ, 330–350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಸೆಕೆಂಡು ಕಾಯಿಸಿ, ಸೋಲ್ಡರ್ ಹರಿದು ಹೊಳೆಯುವಂತೆ ಮಾಡಿದರೆ ಸಾಕು.

ಯಾವ ತಂತಿ ಎಂದು ಖಚಿತಪಡಿಸಲು ವಿದ್ಯುತ್ ತೆಗೆದು ಮಲ್ಟಿಮೀಟರ್ ಹಿಡಿಯಿರಿ. ಹೆಚ್ಚು ಸಿಗುವ 12 ಪಿನ್‌ನ ನಾಲ್ಕಂಕಿ ಡಿಸ್‌ಪ್ಲೇಯಲ್ಲಿ ಎಡದಿಂದ ಬಲಕ್ಕೆ ಅಂಕಿಗಳ ಪಿನ್ 12, 9, 8, 6. ಸೆಗ್ಮೆಂಟ್‌ಗಳು: ಎ 11, ಬಿ 7, ಸಿ 4, ಡಿ 2, ಇ 1, ಎಫ್ 10, ಜಿ 5, ಚುಕ್ಕೆ 3. ಮೀಟರನ್ನು ಡಯೋಡ್ ಮೋಡ್‌ಗೆ ಹಾಕಿ, ಕಾಮನ್ ಕ್ಯಾಥೋಡ್ (ಸಾಮಾನ್ಯ ತಂತಿಯೇ ಋಣ ತುದಿಯಾಗಿರುವ) ಡಿಸ್‌ಪ್ಲೇ ಆದ್ದರಿಂದ ಕಪ್ಪು ಮೊನೆಯನ್ನು ಅಂಕಿಯ ಪಿನ್ ಮೇಲೂ ಕೆಂಪನ್ನು ಸೆಗ್ಮೆಂಟ್ ಪಿನ್ ಮೇಲೂ ಇಡಿ. ಕೆಂಪು ಎಲ್‌ಇಡಿ ಚೆನ್ನಾಗಿದ್ದರೆ 1.8ರ ಆಸುಪಾಸಿನ ವೋಲ್ಟ್ ತೋರಿಸಿ ಮಂದವಾಗಿ ಹೊತ್ತುತ್ತದೆ. ಡಿಸ್‌ಪ್ಲೇ ಸರಿಯಿದೆ ಎಂದಾದರೆ ಚಿಪ್‌ನ ಪಿನ್‌ನಿಂದ ಡಿಸ್‌ಪ್ಲೇ ಪಿನ್‌ವರೆಗೆ ನಿರಂತರತೆ ನೋಡಿ. 24 ಪಿನ್‌ನ ಚಿಪ್‌ನಲ್ಲಿ ಎ 14, ಎಫ್ 15, ಬಿ 16, ಜಿ 17, ಸಿ 20, ಇ 21, ಚುಕ್ಕೆ 22, ಡಿ 23. ಮೊನೆಯನ್ನು ಬೋರ್ಡ್‌ನ ಪ್ಯಾಡ್ ಮೇಲಲ್ಲ, ಚಿಪ್‌ನ ಕಾಲಿನ ಮೇಲೆಯೇ ಇಡಿ. ಇಲ್ಲದಿದ್ದರೆ ಕಾಲು ಮತ್ತು ಪ್ಯಾಡಿನ ನಡುವಿನ ಬಿರುಕು ಮೀಟರ್‌ಗೆ ಕಾಣುವುದೇ ಇಲ್ಲ.

ಎಲ್ಲವೂ 8 ಆದಾಗ

ಮ್ಯಾಕ್ಸ್ 7219ರಲ್ಲಿ ಡಿಸ್‌ಪ್ಲೇ ಟೆಸ್ಟ್ ಎಂಬ ರಿಜಿಸ್ಟರ್ (ಚಿಪ್‌ನೊಳಗಿನ ಸೆಟ್ಟಿಂಗ್ ಖಾನೆ) ಇದೆ, ವಿಳಾಸ ಹೆಕ್ಸ್, ಅಂದರೆ ಹದಿನಾರರ ಎಣಿಕೆಯಲ್ಲಿ, 0ಎಫ್. ಅದಕ್ಕೆ 1 ಬರೆದರೆ ಎಲ್ಲ ಸೆಗ್ಮೆಂಟ್‌ಗಳೂ, ನೀವು ಹೊಂದಿಸಿದ ಪ್ರಕಾಶವನ್ನು ಲೆಕ್ಕಿಸದೆ, 31/32 ಪಾಲಿನ ಪೂರ್ಣ ಹೊಳಪಿನಲ್ಲಿ ಉರಿಯುತ್ತವೆ. ಪರೀಕ್ಷೆಗೆ ಬಹಳ ಉಪಯುಕ್ತ. ತೊಂದರೆ ಏನೆಂದರೆ, ಡೇಟಾಗೆ ತಾಳ ಹಾಕುವ ಗಡಿಯಾರದ (ಕ್ಲಾಕ್) ತಂತಿಯ ಮೇಲೆ ಬಿದ್ದ ಗದ್ದಲವನ್ನು ಚಿಪ್ ಆಜ್ಞೆ ಎಂದು ತಿಳಿದು ತಾನೇ ಈ ಸ್ಥಿತಿಗೆ ಹೋಗಬಹುದು. ಗದ್ದಲ ಶಟ್‌ಡೌನ್ ರಿಜಿಸ್ಟರ್‌ಗೆ, ಅಂದರೆ ಹೆಕ್ಸ್ 0ಸಿಗೆ ಬಿದ್ದರೆ ಎಲ್ಲ ಆರುತ್ತದೆ. ಎಷ್ಟು ಅಂಕಿ ಉರಿಸಬೇಕು ಎಂದು ಹೇಳುವ ಸ್ಕ್ಯಾನ್ ಲಿಮಿಟ್‌ಗೆ, ಹೆಕ್ಸ್ 0ಬಿಗೆ ಬಿದ್ದರೆ ಕೊನೆಯ ಕೆಲವು ಅಂಕಿಗಳು ಮಾತ್ರ ಮಾಯವಾಗುತ್ತವೆ, ಉಳಿದವು ಇನ್ನಷ್ಟು ಪ್ರಖರವಾಗುತ್ತವೆ. ಇವೆಲ್ಲವೂ ಪ್ಲಗ್ ತೆಗೆದು ಹಾಕಿದರೆ ಸರಿಹೋಗುತ್ತವೆ. ಹಾಗೆ ಸರಿಹೋಗುವ ದೋಷ ಚಿಪ್‌ನದ್ದಲ್ಲ, ಗದ್ದಲದ್ದು.

ಪರಿಹಾರದ ಕ್ರಮ ಹೀಗೆ. ಚಿಪ್‌ಗೆ ವಿದ್ಯುತ್ ಬರುವ ಪಿನ್ 19 ಮತ್ತು ಗ್ರೌಂಡ್ ನಡುವೆ, ಸಾಧ್ಯವಾದಷ್ಟು ಹತ್ತಿರ, 10 ಮೈಕ್ರೋಫ್ಯಾರಡ್‌ನ ಎಲೆಕ್ಟ್ರೊಲಿಟಿಕ್ ಮತ್ತು 0.1 ಮೈಕ್ರೋಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರ್ ಎರಡೂ ಇರಬೇಕು. ಅಗ್ಗದ ಮಾಡ್ಯೂಲ್‌ಗಳಲ್ಲಿ ಒಂದನ್ನು ಬಿಟ್ಟಿರುವುದುಂಟು. ಗ್ರೌಂಡ್ ಪಿನ್ 4 ಮತ್ತು 9, ಎರಡನ್ನೂ ಜೋಡಿಸಲೇಬೇಕು. ಸ್ವಂತ ಬೋರ್ಡ್ ಕಟ್ಟುವವರು ಒಂದನ್ನು ಮರೆತರೆ ಅಂಕಿ ಮೂಡುತ್ತದೆ, ಆದರೆ ಆಗಾಗ ಹುಚ್ಚಾಟ ಆಡುತ್ತದೆ. ಡೇಟಾ ರಿಬ್ಬನ್ 20–30 ಸೆಂಟಿಮೀಟರ್ ಮೀರದಿರಲಿ, ಗಡಿಯಾರದ ತಂತಿಯ ಪಕ್ಕದಲ್ಲೇ ಒಂದು ಗ್ರೌಂಡ್ ತಂತಿ ಓಡಲಿ. ಪ್ಯಾನೆಲ್‌ನಲ್ಲಿ ರಿಲೇ, ಸೊಲೆನಾಯ್ಡ್ ಸ್ವಿಚ್, ಟ್ರಿಮ್ ಚಕ್ರದ ಮೋಟರ್ ಇದ್ದರೆ ಅವಕ್ಕೆ ಬೇರೆ ಸಪ್ಲೈ ಕೊಟ್ಟು, ಕಾಯಿಲ್‌ಗೆ ಅಡ್ಡಲಾಗಿ 1ಎನ್ 4007 ಡಯೋಡ್ ಹಾಕಿ. ಡಯೋಡ್‌ನ ಪಟ್ಟಿ ಧನ ತುದಿಗೆ. ಸ್ವಂತ ಕೋಡ್ ಬರೆಯುವವರು ಕೆಲವು ಸೆಕೆಂಡಿಗೊಮ್ಮೆ ಟೆಸ್ಟ್, ಶಟ್‌ಡೌನ್, ಸ್ಕ್ಯಾನ್ ಲಿಮಿಟ್, ಡಿಕೋಡ್ ಮತ್ತು ಪ್ರಕಾಶದ ರಿಜಿಸ್ಟರ್‌ಗಳನ್ನು ಮತ್ತೆ ಬರೆಯುವ ಐದು ಸಾಲು ಸೇರಿಸಲಿ. ಇದು ಗದ್ದಲವನ್ನು ತಡೆಯುವುದಿಲ್ಲ, ಆದರೆ ಗದ್ದಲ ಆದದ್ದು ಪೈಲಟ್‌ಗೆ ಗೊತ್ತಾಗುವ ಮೊದಲೇ ಅಳಿಸುತ್ತದೆ.

3.3 ವೋಲ್ಟ್ ಬೋರ್ಡ್‌ಗಳಿಂದ, ಅಂದರೆ ಇಎಸ್‌ಪಿ 32 ಅಥವಾ ಪಿಕೊದಿಂದ, ಚಿಪ್‌ಗೆ ನೇರ ಜೋಡಣೆ ಮಾಡಿದ್ದರೆ ಮೇಲಿನದೆಲ್ಲ ಮಾಡಿಯೂ ಫಲವಿಲ್ಲ. ಈ ಚಿಪ್ 3.5 ವೋಲ್ಟ್‌ಗಿಂತ ಕೆಳಗಿನದನ್ನು ಖಚಿತವಾಗಿ ‘1’ ಎಂದು ಒಪ್ಪುವುದಿಲ್ಲ. ಮೇಜಿನ ಮೇಲೆ ನಡೆಯುತ್ತದೆ, ಪ್ಯಾನೆಲ್‌ನೊಳಗೆ ಕೂರಿಸಿದಾಗ ಕೈಕೊಡುತ್ತದೆ. ನಡುವೆ ಸಂಕೇತದ ವೋಲ್ಟೇಜ್ ಏರಿಸುವ 74 ಎಚ್‌ಸಿಟಿ 125 ಚಿಪ್ ಹಾಕಿ, ಅದಕ್ಕೆ 5 ವೋಲ್ಟ್ ಕೊಡಿ. ಅದು 2 ವೋಲ್ಟನ್ನೇ ‘1’ ಎಂದು ಒಪ್ಪಿ 5 ವೋಲ್ಟ್ ಹೊರಕೊಡುತ್ತದೆ. ಎಚ್‌ಸಿ ಅಲ್ಲ, ಎಚ್‌ಸಿಟಿ. ಆ ‘ಟಿ’ ಇಲ್ಲದಿದ್ದರೆ ಮತ್ತೆ ಅದೇ 3.5 ವೋಲ್ಟ್‌ನ ಕಥೆ.

ಸರಪಳಿಯಾಗಿ ಜೋಡಿಸಿದ ಮಾಡ್ಯೂಲ್‌ಗಳಲ್ಲಿ ಮೂರನೆಯದರಿಂದ ಮುಂದೆಲ್ಲ ಕತ್ತಲಾದರೆ ಎರಡನೆಯದರಿಂದ ಡೇಟಾ ಹೊರಬರುವ ಪಿನ್ 24 ಮತ್ತು ಮೂರನೆಯದಕ್ಕೆ ಡೇಟಾ ಒಳಹೋಗುವ ಪಿನ್ 1 ನಡುವಿನ ತಂತಿ ನೋಡಿ. ತಂತಿ ಸರಿಯಿದ್ದರೆ ಎರಡನ್ನೂ ಅದಲುಬದಲು ಮಾಡಿ. ದೋಷ ಜಾಗ ಬದಲಿಸಿದರೆ ಮಾಡ್ಯೂಲ್, ಬದಲಿಸದಿದ್ದರೆ ವೈರಿಂಗ್.

ಪ್ರಕಾಶದ ಅಸಮತೆ ಮತ್ತು ಕರೆಂಟ್

ಪಿನ್ 18ರಲ್ಲಿರುವ ರೆಸಿಸ್ಟರ್ ಸೆಗ್ಮೆಂಟ್‌ನ ಕರೆಂಟ್ ನಿರ್ಧರಿಸುತ್ತದೆ. 2 ವೋಲ್ಟ್‌ನ ಕೆಂಪು ಎಲ್‌ಇಡಿಗೆ 11.8 ಕಿಲೋಓಮ್ ಹಾಕಿದರೆ 40 ಮಿಲಿಆಂಪಿಯರ್, 28 ಕಿಲೋಓಮ್‌ಗೆ 20, 63.7ಕ್ಕೆ 10. ಮಾಡ್ಯೂಲ್‌ಗಳಲ್ಲಿ ಸಾಮಾನ್ಯವಾಗಿ 10 ಕಿಲೋಓಮ್ ಇರುತ್ತದೆ, ಮನೆಯೊಳಗಿನ ಮಂದ ಬೆಳಕಿಗೆ ಅದು ಅತಿಯಾಯಿತು. 28 ಹಾಕಿದರೆ ಕಣ್ಣಿಗೂ ಹಿತ, ಸಪ್ಲೈ ಮೇಲಿನ ಹೊರೆಯೂ ಅರ್ಧಕ್ಕಿಳಿಯುತ್ತದೆ. ಪೂರ್ಣ ಕರೆಂಟ್‌ನಲ್ಲಿ ಎಲ್ಲ ಸೆಗ್ಮೆಂಟ್ ಉರಿದರೆ ಒಂದು ಚಿಪ್ 330 ಮಿಲಿಆಂಪಿಯರ್ ಎಳೆಯುತ್ತದೆ. ಮೂರು ಚಿಪ್ ಆದರೆ 1 ಆಂಪಿಯರ್, ಮೆಗಾದ ಯುಎಸ್‌ಬಿ ಫ್ಯೂಸ್ ಇರುವುದು 500 ಮಿಲಿಆಂಪಿಯರ್‌ಗೆ. ಹೆಚ್ಚು ಕಿಟಕಿಗಳಿದ್ದರೆ 5 ವೋಲ್ಟ್‌ನ ಪ್ರತ್ಯೇಕ ಸಪ್ಲೈ ಕೊಡಿ. ಗ್ರೌಂಡ್‌ಗಳನ್ನು ಮಾತ್ರ ಕೂಡಿಸಿ, ಎರಡು ಸಪ್ಲೈಗಳ 5 ವೋಲ್ಟ್‌ಗಳನ್ನು ಎಂದೂ ಒಂದಕ್ಕೊಂದು ಕೂಡಿಸಬೇಡಿ.

ಒಂದೇ ರೆಸಿಸ್ಟರ್ ಇದ್ದರೂ ಐದಂಕಿಯ ಕಿಟಕಿ ಎಂಟಂಕಿಯದಕ್ಕಿಂತ ಪ್ರಖರವಾಗಿ ಕಾಣುವುದಕ್ಕೆ ಕಾರಣ ಸ್ಕ್ಯಾನ್ ಲಿಮಿಟ್. ಅಂಕಿ ಕಡಿಮೆಯಾದಷ್ಟೂ ಒಂದೊಂದರ ಸರದಿ ಬೇಗ ಬರುತ್ತದೆ. ಎಲ್ಲ ಚಿಪ್‌ಗಳಿಗೂ 8 ಅಂಕಿ ಎಂದೇ ಹೇಳಿ, ಖಾಲಿ ಸ್ಥಾನಗಳನ್ನು ಖಾಲಿ ಬಿಟ್ಟರೆ ಪ್ರಕಾಶ ಸಮನಾಗುತ್ತದೆ. ಒಂದು, ಎರಡು, ಮೂರು ಅಂಕಿಗಳಿಗಷ್ಟೇ ಸೀಮಿತ ಮಾಡುವವರು ಕರೆಂಟನ್ನು ಕ್ರಮವಾಗಿ 10, 20, 30 ಮಿಲಿಆಂಪಿಯರ್ ಒಳಗಿಡಬೇಕು, ಇಲ್ಲದಿದ್ದರೆ ಚಿಪ್ ಬಿಸಿಯಾಗಿ ಸಾಯುತ್ತದೆ.

ಉಳಿದ ಸಣ್ಣ ಡಿಸ್‌ಪ್ಲೇಗಳು

ಅಂಕಿ ಉರಿಸುವ ಇನ್ನೊಂದು ಚಿಪ್ ಟಿಎಂ 1637ಕ್ಕೆ ವಿಳಾಸ ಎಂಬುದೇ ಇಲ್ಲ. ಎರಡು ಮಾಡ್ಯೂಲ್‌ಗಳನ್ನು ಅದೇ ಎರಡು ತಂತಿಗಳಿಗೆ ಜೋಡಿಸಿದರೆ ಎರಡರಲ್ಲೂ ಒಂದೇ ಅಂಕಿ ಬರುತ್ತದೆ. ಪ್ರತಿಯೊಂದಕ್ಕೂ ಬೇರೆ ಡೇಟಾ ಪಿನ್ ಕೊಡಿ. ಹಲವು ಮಾಡ್ಯೂಲ್‌ಗಳಲ್ಲಿ ಡೇಟಾ ಮತ್ತು ಗಡಿಯಾರದ ತಂತಿಗಳಿಗೆ ದೊಡ್ಡ ಕೆಪಾಸಿಟರ್ ಹಾಕಿರುತ್ತಾರೆ, ಸಂಕೇತದ ಅಂಚು ಮೊಂಡಾಗಿ ಅಂಕಿಗಳು ಕಲಸುತ್ತವೆ. ಕೋಡ್‌ನಲ್ಲಿ ವೇಗ ತಗ್ಗಿಸಿ, ಅಥವಾ ಆ ಎರಡು ಕೆಪಾಸಿಟರ್ ಕಿತ್ತು ಹಾಕಿ.

16 ಅಕ್ಷರದ ಎರಡು ಸಾಲಿನ ಎಲ್‌ಸಿಡಿಯಲ್ಲಿ ಮೇಲಿನ ಸಾಲು ಪೂರ್ತಿ ತುಂಬಿದ ಚೌಕಗಳಾಗಿ ನಿಂತಿದ್ದರೆ ಅದಕ್ಕೆ ವಿದ್ಯುತ್ ಬಂದಿದೆ, ಆಜ್ಞೆ ಬಂದಿಲ್ಲ. ಹಿಂದಿನ ಬೋರ್ಡ್‌ನ ಚಿಪ್ ಪಿಸಿಎಫ್ 8574 ಆದರೆ ವಿಳಾಸ ಸಾಮಾನ್ಯವಾಗಿ ಹೆಕ್ಸ್ 27, ಹೆಸರಿನ ಕೊನೆಗೆ ‘ಎ’ ಇದ್ದರೆ ಹೆಕ್ಸ್ 3ಎಫ್. ಬೆಳಕು ಇದ್ದು ಏನೂ ಕಾಣದಿದ್ದರೆ ಹಿಂಬದಿಯ ನೀಲಿ ಪೊಟೆನ್ಷಿಯೊಮೀಟರ್ ತಿರುಗಿಸಿ.

ಸಣ್ಣ ಓಎಲ್‌ಇಡಿಯ ಒಂದು ಅಂಚಿನಲ್ಲಿ ಎರಡು ಚುಕ್ಕೆ ಅಗಲದ ಕಸದ ಗೆರೆ ಕಂಡರೆ ಒಳಗಿರುವ ಚಿಪ್ ಎಸ್‌ಎಸ್‌ಡಿ 1306 ಅಲ್ಲ, ಎಸ್‌ಎಚ್ 1106. ಅದರ ಮೆಮೊರಿ 132 ಕಂಬಗಳದ್ದು, ತೆರೆ 128ರದ್ದು. ಡ್ರೈವರ್ ಬದಲಿಸಿದರೆ ಗೆರೆ ಹೋಗುತ್ತದೆ. ಹೊಸ ಓಎಲ್‌ಇಡಿ ಕೂರಿಸುವಾಗ ವಿದ್ಯುತ್ ಮತ್ತು ಗ್ರೌಂಡ್ ಪಿನ್‌ಗಳ ಕ್ರಮ ಹಳೆಯದರಂತೆಯೇ ಇದೆಯೇ ನೋಡಿ. ಒಂದೇ ತೋರುವ ಎರಡು ಮಾಡ್ಯೂಲ್‌ಗಳಲ್ಲಿ ಅದು ತಿರುಗುಮುರುಗಾಗಿರುತ್ತದೆ.

ದೊಡ್ಡ ತೆರೆಗಳು

ಗಾರ್ಮಿನ್‌ನ ಜಿ 1000 (ವಿಮಾನದ ತೆರೆ ರೂಪದ ಉಪಕರಣ ಫಲಕ) ಮಾದರಿಯ ಪ್ಯಾನೆಲ್ ಕಟ್ಟುವವರು ನಿಜವಾದ ಉಪಕರಣದಂತೆಯೇ 10.4 ಇಂಚಿನ, 1024×768ರ ತೆರೆಯನ್ನು ಎಲ್‌ವಿಡಿಎಸ್ (ಜೋಡಿ ತಂತಿಗಳಲ್ಲಿ ಚಿತ್ರ ಕಳಿಸುವ ವಿಧಾನ) ಕಂಟ್ರೋಲರ್ ಬೋರ್ಡ್‌ನೊಂದಿಗೆ ಬಳಸುತ್ತಾರೆ. ತೆರೆ ಕಪ್ಪಾಗಿದ್ದರೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಓರೆಯಾಗಿ ಬಿಡಿ. ಮಸುಕಾಗಿ ಚಿತ್ರ ಕಂಡರೆ ಬ್ಯಾಕ್‌ಲೈಟ್ ಹೋಗಿದೆ, ತೆರೆ ಚೆನ್ನಾಗಿದೆ. ಬಿಳಿಯಾಗಿ ಉರಿಯುತ್ತಿದ್ದರೆ ಬ್ಯಾಕ್‌ಲೈಟ್ ಸರಿ, ಸಂಕೇತ ಅಥವಾ ತೆರೆಯ ವಿದ್ಯುತ್ ಬರುತ್ತಿಲ್ಲ. ಹಳೆಯ ತೆರೆಗಳ ಬ್ಯಾಕ್‌ಲೈಟ್ ಟ್ಯೂಬ್‌ನದ್ದು. ಅದರ ಇನ್ವರ್ಟರ್‌ನಲ್ಲಿ ನೂರಾರು ವೋಲ್ಟ್, ಹೊತ್ತುವ ಕ್ಷಣದಲ್ಲಿ ಸಾವಿರ ದಾಟಬಹುದು, ವಿದ್ಯುತ್ ಇರುವಾಗ ಮುಟ್ಟಬೇಡಿ.

ಬಣ್ಣಗಳ ಇಳಿಜಾರು ಮೆಟ್ಟಿಲು ಮೆಟ್ಟಿಲಾಗಿ, ಆಕಾಶವೆಲ್ಲ ಪಟ್ಟೆಯಾಗಿ ಕಂಡರೆ ಬೋರ್ಡ್ ವೆಸಾ ಕ್ರಮದಲ್ಲಿ ಬಿಟ್‌ಗಳನ್ನು ಕಳಿಸುತ್ತಿದೆ, ತೆರೆ ಜೈಡಾ ಕ್ರಮ ಕೇಳುತ್ತಿದೆ, ಅಥವಾ ಅದರ ಉಲ್ಟಾ. ಬೋರ್ಡ್‌ನ ಫರ್ಮ್‌ವೇರ್ ಅಥವಾ ಜಂಪರ್‌ನಲ್ಲಿ ಬದಲಿಸಬಹುದು. ಒಂದು ಬಣ್ಣವೇ ಕಾಣೆಯಾಗಿದ್ದರೆ ಅಥವಾ ಚಿತ್ರ ಚುಕ್ಕೆ ಚುಕ್ಕೆಯಾದರೆ ಕೇಬಲ್ ನೋಡಿ: ವಿದ್ಯುತ್ ಆರಿಸಿ, ಬೋರ್ಡ್ ಕಡೆಯ ಕನೆಕ್ಟರ್ ಕಳಚಿ, ಕೇಬಲ್ ತುದಿಯಲ್ಲಿ ಪ್ರತಿ ಡೇಟಾ ಜೋಡಿಯ ಧನ ಮತ್ತು ಋಣ ತಂತಿಗಳ ನಡುವೆ ಓಮ್ ಅಳೆಯಿರಿ. ತೆರೆಯೊಳಗಿನ ಟರ್ಮಿನೇಶನ್ ರೆಸಿಸ್ಟರ್‌ನಿಂದಾಗಿ 100ರ ಆಸುಪಾಸು ಬರಬೇಕು. ಒಂದು ಜೋಡಿಯಲ್ಲಿ ಮಾತ್ರ ಅನಂತ ತೋರಿಸಿದರೆ ಕಡಿದ ತಂತಿ ಅದೇ.

ಈ ಕೆಲಸದಲ್ಲಿ ತೆರೆಯನ್ನು ಕೊಲ್ಲುವುದು ಒಂದೇ ಒಂದು ಸಣ್ಣ ಜಂಪರ್. ಕಂಟ್ರೋಲರ್ ಬೋರ್ಡ್‌ನಲ್ಲಿ ತೆರೆಗೆ ಹೋಗುವ ವಿದ್ಯುತ್ 3.3, 5 ಅಥವಾ 12 ವೋಲ್ಟ್ ಎಂದು ಆರಿಸುವ ಮೂರು ಸ್ಥಾನಗಳಿರುತ್ತವೆ. 3.3ರ ತೆರೆಗೆ 12 ಹೋದರೆ ಹೊಗೆ ಕೂಡ ಬರುವುದಿಲ್ಲ, ಸುಮ್ಮನೆ ಮತ್ತೆಂದೂ ಹೊತ್ತುವುದಿಲ್ಲ. ತೆರೆ ಜೋಡಿಸುವ ಮುಂಚೆ ಬೋರ್ಡ್‌ಗೆ ವಿದ್ಯುತ್ ಕೊಟ್ಟು, ಕನೆಕ್ಟರ್‌ನ ವಿದ್ಯುತ್ ಪಿನ್‌ನಲ್ಲಿ ಮೀಟರ್ ಇಟ್ಟು ಅಳೆದು, ತೆರೆಯ ಡೇಟಾಶೀಟ್‌ನ ಅಂಕಿಯೊಂದಿಗೆ ತಾಳೆ ನೋಡಿ. ಪಿನ್ 1ರ ಗುರುತನ್ನೂ ಆಗಲೇ ನೋಡಿಕೊಳ್ಳಿ, ಒಂದು ಪಿನ್ ಸರಿದು ಕೂತರೂ ವಿದ್ಯುತ್ ಡೇಟಾ ಸಾಲಿಗೆ ಹೋಗುತ್ತದೆ.

ಮೇಲಿಂದ ಕೆಳಗೆ ಒಂದು ಗೆರೆ ಮಾತ್ರ ಶಾಶ್ವತವಾಗಿ ನಿಂತಿದ್ದರೆ ಗಾಜಿನ ಅಂಚಿಗೆ ಅಂಟಿಸಿದ ತೆಳು ಫಿಲ್ಮ್‌ನ ಬೆಸುಗೆ ಬಿಟ್ಟಿದೆ. ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಗೆರೆ ಮಾಯವಾದರೆ ಅನುಮಾನ ಖಚಿತ. ಫೋಮ್ ತುಂಡು ಇಟ್ಟು ಬೆಜೆಲ್ (ತೆರೆಯ ಸುತ್ತಲಿನ ಚೌಕಟ್ಟು) ಬಿಗಿಮಾಡಿದರೆ ಸ್ವಲ್ಪ ಕಾಲ ನಡೆಯಬಹುದು, ಮನೆಯಲ್ಲಿ ಅದನ್ನು ಮತ್ತೆ ಬೆಸೆಯಲಾಗದು. ಹಾಗೆಂದು ತೀರಾ ಬಿಗಿಮಾಡಿದ ಬೆಜೆಲ್ ಸ್ಕ್ರೂಗಳೇ ಆ ಫಿಲ್ಮನ್ನು ಮೊದಲು ಎಬ್ಬಿಸಿರುವುದೂ ಇದೆ; ಸ್ಕ್ರೂ ಕೈಗೆ ತಡೆದೊಡನೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಬಿಡಿ. ಬದಲಿ ತೆರೆ ಕೊಳ್ಳುವಾಗ ಇಂಚು ಮತ್ತು ರೆಸಲ್ಯೂಶನ್ ನೋಡಿ ಕೊಳ್ಳಬೇಡಿ, ಹಿಂಬದಿಯ ಚೀಟಿಯಲ್ಲಿರುವ ಮಾದರಿ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೂ ಹೊಂದಿಸಿ. ಅದೊಂದು ಅಕ್ಷರ ಬೇರೆಯಾದರೆ ಕನೆಕ್ಟರ್‌ನ ಪಿನ್ ಸಂಖ್ಯೆಯೇ ಬೇರೆಯಾಗಿರಬಹುದು.